ಬಿಲ್ಲೆಯೊಳಗಣ ನಿಸ್ತಂತು ವಾರ್ತೆ

ಶಬ್ದವು ಬಾಯಿಂದ ಕಿವಿಗೆ ಬರುವ ಬಗೆಯನ್ನು ಕುರಿತು ನಮ್ಮ ತಾರ್ಕಿಕರು ಎರಡು ನ್ಯಾಯಗಳನ್ನು ಹೇಳಿರುವರು. ಕೆರೆಯಲ್ಲಿ ಒಂದು ಅಲೆಯು ಮುಂದಿನ ಅಲೆಯನ್ನೆಬ್ಬಿಸುವಂತೆ ಕ್ರಮವಾಗಿ ಸಾಗುವುದೆಂಬುದು ವೀಚೀತರಂಗನ್ಯಾಯ. ಕದಂಬದ ಮೊಗ್ಗು ಬಿರಿದಾಗ ಕೇಸರಗಳು ಎಲ್ಲ ದಿಕ್ಕಿಗೂ ಒಮ್ಮೆಗೇ ಹೊಮ್ಮುವಂತೆ ಹರಡುವುದೆಂಬುದು ಕದಂಬಮುಕುಲನ್ಯಾಯ. ಈ ಹಳೆಯ ಚರ್ಚೆಯು ಅಂಚೆಚೀಟಿಯಷ್ಟಗಲದ ಸಿಲಿಕಾನ್ ಬಿಲ್ಲೆಯೊಳಗೆ ಹೊಸ ರೂಪದಿಂದ ನಡೆಯುತ್ತಿರುವುದನ್ನು ವಾಚಕರಿಗೆ ಅರುಹಬಯಸುತ್ತೇವೆ.

ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಬಿಲ್ಲೆಗೆ ಪ್ರೊಸೆಸರ್ ಎಂದು ಹೆಸರು. ಮೊದಲು ಅದರಲ್ಲಿ ಗಣಿಸುವ ತಿರುಳು, ಅಂದರೆ ಕೋರ್, ಒಂದೇ ಇರುತ್ತಿತ್ತು. ಅದರ ವೇಗವನ್ನೇ ವರ್ಷವರ್ಷವೂ ಹೆಚ್ಚಿಸುತ್ತಿದ್ದರು. ವೇಗದೊಡನೆ ಶಾಖವೂ ಏರಿದುದರಿಂದ ಸುಮಾರು 2004ರ ವೇಳೆಗೆ ಆ ದಾರಿಯು ದುರ್ಗಮವಾಯಿತು. ಒಬ್ಬನನ್ನೇ ಓಡಿಸುವುದಕ್ಕಿಂತ ಹಲವರಿಗೆ ಕೆಲಸವನ್ನು ಹಂಚುವುದೇ ಲೇಸೆಂದು ಶಿಲ್ಪಿಗಳು ಬಗೆದರು. 2007ರಲ್ಲಿ ಇಂಟೆಲ್ ಸಂಸ್ಥೆಯವರು 80 ಕೋರುಗಳುಳ್ಳ ಪ್ರಯೋಗದ ಬಿಲ್ಲೆಯೊಂದನ್ನು ತೋರಿಸಿದರು. ಅದರ ರಚನೆಯಲ್ಲಿ ಬೆಂಗಳೂರಿನ ಎಂಜಿನಿಯರುಗಳೂ ಭಾಗಿಗಳಾಗಿದ್ದರು.

ಆದರೆ ಮನೆಯಲ್ಲಿ ಕೈಗಳು ಹೆಚ್ಚಿದರೆ ಸಾಲದು. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕಷ್ಟೆ. ಆ 80 ಕೋರುಗಳು ಚದುರಂಗದ ಮನೆಗಳಂತೆ ಸಾಲಿಗೆ 10ರಂತೆ 8 ಸಾಲುಗಳಲ್ಲಿದ್ದು, ಪ್ರತಿಯೊಂದೂ ತನ್ನ ನೆರೆಯವುಗಳೊಡನೆ ಮಾತ್ರ ತಂತಿಯಿಂದ ಕೂಡಿತ್ತು. ಒಂದು ಮೂಲೆಯ ಸುದ್ದಿಯು ಎದುರು ಮೂಲೆಯನ್ನು ಸೇರಲು 16 ನೆಗೆತಗಳು ಬೇಕು. ವೀಚೀತರಂಗನ್ಯಾಯವೆಂದರೆ ಇದೇ. ನೆಗೆತನೆಗೆತಕ್ಕೂ ಕಾಲದ ವ್ಯಯ, ವಿದ್ಯುತ್ತಿನ ವ್ಯಯ. ಆ ಬಿಲ್ಲೆಯಲ್ಲಿ ಪ್ರತಿ ಮನೆಯ ವಿದ್ಯುತ್ತಿನಲ್ಲಿ ನೂರಕ್ಕೆ 28 ಪಾಲು ಸುದ್ದಿ ಸಾಗಿಸುವುದಕ್ಕೇ ಸಲ್ಲುತ್ತಿತ್ತು! ಯಾವ ಶಾಖಕ್ಕೆ ಅಂಜಿ ಕೆಲಸವನ್ನು ಹಂಚಿದರೋ ಅದೇ ಶಾಖವು ಮಾತಿನ ರೂಪದಿಂದ ಮರಳಿ ಬಂದಂತಾಯಿತು.

ಇದಕ್ಕೆ ವಿದ್ವಾಂಸರು ಕಂಡುಕೊಂಡ ಒಂದು ಉಪಾಯವು ಕದಂಬಮುಕುಲದ್ದು. ಬಿಲ್ಲೆಯ ಮೇಲೆಯೇ ಅಲ್ಲಲ್ಲಿ ಪುಟ್ಟ ಆಂಟೆನಾಗಳನ್ನು ರಚಿಸಿ, ದೂರದ ಮಾತನ್ನು ರೇಡಿಯೋ ಅಲೆಗಳಿಂದ ಒಂದೇ ನೆಗೆತದಲ್ಲಿ ಕಳುಹಿಸುವುದು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾರ್ಥಪ್ರತಿಮ ಪಾಂಡೆಯವರೂ ಅವರ ಸಂಗಡಿಗರೂ ಈ ದಿಕ್ಕಿನಲ್ಲಿ ಬಹಳ ದುಡಿದಿರುವರು. ಆಂಟೆನಾ ಕಿರಿದಾಗಬೇಕಾದರೆ ಅಲೆಯೂ ಕಿರಿದಾಗಬೇಕು. ಆದಕಾರಣ ಗಾಳಿಯಲ್ಲಿ 5 ಮಿಲಿಮೀಟರು ಉದ್ದವಿರುವ, ಸೆಕೆಂಡಿಗೆ 6,000 ಕೋಟಿ ಸಲ ಕಂಪಿಸುವಂತಹ ಅಲೆಗಳನ್ನು ಬಳಸುವರು. ಆಚಾರ್ಯ ಜಗದೀಶಚಂದ್ರ ಬೋಸರು 1890ರ ದಶಕದಲ್ಲಿ ಕಲಕತ್ತೆಯಲ್ಲಿ ಹುಟ್ಟಿಸಿ ಪರೀಕ್ಷಿಸಿದ ಅಲೆಗಳೂ ಇಂತಹವೇ ಎಂಬುದನ್ನು ಇಲ್ಲಿ ಸ್ಮರಿಸುವುದು ಯುಕ್ತ.

ಹಾಗಾದರೆ ತಂತಿಗಳನ್ನೆಲ್ಲ ಕಿತ್ತೊಗೆಯಬಹುದೇ? ಕೂಡದು. ಎಲ್ಲರಿಗೂ ಇರುವ ಆಕಾಶವೊಂದೇ. ಇಬ್ಬರು ಒಂದೇ ಕಂಪನದ ಅಲೆಯಲ್ಲಿ ಒಟ್ಟಿಗೆ ನುಡಿದರೆ ಎರಡು ಮಾತುಗಳೂ ಕೆಡುವುವು. ಆದುದರಿಂದ ಸರದಿಯ ಕಟ್ಟಳೆ ಬೇಕು. ಅಲೆಯನ್ನು ಹೊಮ್ಮಿಸುವ ಸಲಕರಣೆಯೂ ಬಿಲ್ಲೆಯ ಸ್ಥಳವನ್ನು, ವಿದ್ಯುತ್ತನ್ನು ಬೇಡುತ್ತದೆ. ಈ ಕಾರಣಗಳಿಂದ ಈ ವಿದ್ಯೆಯು ಇನ್ನೂ ಪ್ರಯೋಗಶಾಲೆಯ ಹೊಸ್ತಿಲನ್ನು ದಾಟಿಲ್ಲ. ನಮ್ಮ ಮನೆಗಳಲ್ಲಿರುವ ಯಂತ್ರಗಳ ಬಿಲ್ಲೆಗಳಲ್ಲಿ ತಂತಿಯದೇ ಆಳಿಕೆ. ನೆರೆಯ ಮಾತಿಗೆ ತಂತಿ, ದೂರದ ಮಾತಿಗೂ ಸರ್ವರಿಗೆ ಸಾರುವ ಮಾತಿಗೂ ಅಲೆ ಎಂಬುದು ವಿದ್ವಾಂಸರ ಮಧ್ಯಮಮಾರ್ಗ. ತಾರ್ಕಿಕರು ಎರಡು ನ್ಯಾಯಗಳಲ್ಲಿ ಯಾವುದು ಸರಿಯೆಂದು ವಾದಿಸಿದರು. ಶಿಲ್ಪಿಗಳಿಗಾದರೋ ಎರಡೂ ಬೇಕಾಗಿವೆ.