ನಿಮಗಿದು ಗೊತ್ತೆ? ಹೃದಯದ ಮಾತ್ರೆ ಮೊದಲು ಸಿಕ್ಕಿದ್ದು ಅಕ್ಕಿಯ ಬೂಷ್ಟಿನಲ್ಲಿ!

ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಭತ್ತದ ತಳಿಗಳಿಗೆ ಹೆಸರಾದ ಊರು. ರೈತ ಸೈಯದ್ ಘನಿ ಖಾನ್ ಇಲ್ಲಿ ನೂರಾರು ದೇಸಿ ತಳಿಗಳನ್ನು ಉಳಿಸಿದ್ದಾರೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಕಥೆಯಲ್ಲೂ ಅಕ್ಕಿಯಿದೆ.

ಜಪಾನಿನ ಅಕಿರಾ ಎಂಡೊ ರೈತರ ಮನೆಯಲ್ಲಿ ಹುಟ್ಟಿದ ವಿಜ್ಞಾನಿ. 1971ರಿಂದ ಎರಡು ವರ್ಷ ಸುಮಾರು 6,000 ಶಿಲೀಂಧ್ರಗಳನ್ನು ಅವರ ತಂಡ ಪರೀಕ್ಷಿಸಿತು. ಕೊನೆಗೆ ಕ್ಯೋಟೊ ನಗರದ ಧಾನ್ಯದಂಗಡಿಯ ಅಕ್ಕಿಯಲ್ಲಿ ಬೆಳೆದಿದ್ದ ನೀಲಿ-ಹಸಿರು ಬೂಷ್ಟು ಕೈಹಿಡಿಯಿತು. 1973ರಲ್ಲಿ ಅದರಿಂದ ಸಿಕ್ಕ ಕಾಂಪ್ಯಾಕ್ಟಿನ್ ಮೊದಲ ಸ್ಟ್ಯಾಟಿನ್. ಅದೇ ಗುಂಪಿನ ಲೊವಾಸ್ಟ್ಯಾಟಿನ್‌ಗೆ 1987ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಕೋಟ್ಯಂತರ ಜೀವ ಕಾಯುವ ಔಷಧದ ಹಿಂದೆ ಎಂಥ ತಾಳ್ಮೆ! (ಹಾಗೆಂದು ಬೂಷ್ಟು ಹಿಡಿದ ಅಕ್ಕಿ ತಿನ್ನಬೇಡಿ. ಅದೇ ಬೂಷ್ಟು ಮೂತ್ರಪಿಂಡ ಕೆಡಿಸುವ ವಿಷವನ್ನೂ ಉತ್ಪಾದಿಸಬಲ್ಲದು.)

ನಾವು ಎಣ್ಣೆ, ತುಪ್ಪ ಬಿಟ್ಟರೂ ನಮ್ಮ ಪಿತ್ತಜನಕಾಂಗ ತಾನೇ ಕೊಲೆಸ್ಟ್ರಾಲ್ ತಯಾರಿಸುತ್ತದೆ. ಮಾತ್ರೆ ಆ ತಯಾರಿಕೆಯನ್ನು ತಗ್ಗಿಸಿದಾಗ ಪಿತ್ತಜನಕಾಂಗ ರಕ್ತದಲ್ಲಿರುವ ಕೆಟ್ಟ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ರಕ್ತನಾಳಕ್ಕೆ ಜಿಡ್ಡು ಕಟ್ಟುವುದು ಕಡಿಮೆಯಾಗುತ್ತದೆ. ರಿಪೋರ್ಟ್ ಚೆನ್ನಾಗಿ ಬಂತೆಂದು ಮಾತ್ರೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಕೊಲೆಸ್ಟ್ರಾಲ್ ಮತ್ತೆ ಏರುತ್ತದೆ. ವೈದ್ಯರನ್ನು ಕೇಳದೆ ಬಿಡಲೇಬೇಡಿ.

ಮಾತ್ರೆ ನುಂಗುತ್ತಲೇ ಬೀಡಿ ಸೇದಿದರೆ ಲಾಭ ಕುಗ್ಗಿದಂತೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ, ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಬಳಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.