ಇಂಗ್ಲಿಷಿಗೂ ಸಂಧಿ ಇದೆ

ಐಇಎಲ್‌ಟಿಎಸ್ ಪರೀಕ್ಷೆಗೆ ಕೂರುವ ನಮ್ಮ ಹುಡುಗ ಹುಡುಗಿಯರು ಹೆಚ್ಚಾಗಿ ಹೆದರುವುದು ಸ್ಪೀಕಿಂಗಿಗೆ. ಪರೀಕ್ಷಕರ ಎದುರು ನಾಲಿಗೆ ತಡವರಿಸಿದರೆ ಏನು ಗತಿ ಎಂಬ ದಿಗಿಲು. ಲಿಸನಿಂಗ್ ಮಾತೆತ್ತಿದರೆ ಮಾತ್ರ ‘ಕೇಳಿಸ್ಕೊಳ್ಳೋದು ತಾನೇ ಮೇಡಂ, ಆಗುತ್ತೆ ಬಿಡಿ’ ಅನ್ನುತ್ತಾರೆ. ಮೊದಲ ಮಾಕ್ ಟೆಸ್ಟ್ ಮುಗಿದ ಮೇಲೆ ಅದೇ ಮುಖಗಳು ಸಣ್ಣಗಾಗುತ್ತವೆ. ಆಡಿಯೊದಲ್ಲಿ ಆಡಿದ್ದನ್ನು ಆಮೇಲೆ ಕಾಗದದಲ್ಲಿ ಓದಿದರೆ ಒಂದೂ ಹೊಸ ಪದವಿಲ್ಲ, ಎಲ್ಲ ಹೈಸ್ಕೂಲಿನಲ್ಲೇ ಕಲಿತದ್ದು. ಕಿವಿಗೆ ಬಿದ್ದಾಗ ಮಾತ್ರ ಅದು ಯಾವ ಮಾತೆಂದೇ ಗೊತ್ತಾಗಿರುವುದಿಲ್ಲ.

ನಾನು ಬೆಂಗಳೂರಿನ ಬಸವೇಶ್ವರನಗರದವಳು. ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು. ಈಗ ಸಂಜೆ ಹೊತ್ತು ಮನೆಯಲ್ಲೇ ಕೆಲವರಿಗೆ ಲಿಸನಿಂಗ್ ಒಂದನ್ನೇ ಹೇಳಿಕೊಡುತ್ತೇನೆ. ರಾಜಾಜಿನಗರದ ಆಸ್ಪತ್ರೆಗಳಲ್ಲಿ ಡ್ಯೂಟಿ ಮುಗಿಸಿ ಬರುವ ನರ್ಸ್‌ಗಳಿದ್ದಾರೆ. ಕೆಂಗೇರಿ ಉಪನಗರದಿಂದ ಮೆಟ್ರೊದಲ್ಲಿ ವಿಜಯನಗರಕ್ಕೆ ಬಂದು ಅಲ್ಲಿಂದ ಬಸ್ಸು ಹಿಡಿಯುವ ಎಂಜಿನಿಯರಿಂಗ್ ಹುಡುಗರಿದ್ದಾರೆ. ಹಂಪಿನಗರದ ಗ್ರಂಥಾಲಯದಲ್ಲಿ ಹಗಲೆಲ್ಲ ಓದಿ ಕೆಎಎಸ್ ಬರೆಯುತ್ತಿದ್ದು, ಈಗ ಹೊರದೇಶದ ಎಂಎಸ್ ಕಡೆ ಮುಖ ಮಾಡಿದವರೂ ಇದ್ದಾರೆ. ಇವರಲ್ಲಿ ಯಾರೂ ದಡ್ಡರಲ್ಲ. ಕಿವಿಯಲ್ಲಿ ದೋಷವಿಲ್ಲ. ಇವರ ಇಂಗ್ಲಿಷೆಲ್ಲ ಕಣ್ಣಿನ ದಾರಿಯಲ್ಲಿ ಒಳಗೆ ಬಂದದ್ದು, ಅಷ್ಟೇ.

ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಶುರುವಾದದ್ದು 2007ರಲ್ಲಿ. ಅದಕ್ಕೂ ಮೊದಲು ಐದನೇ ತರಗತಿಯಲ್ಲಿ ಎ, ಬಿ, ಸಿ, ಡಿ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಅಂದರೆ ಬರೆಯುವ ಪತ್ರಿಕೆ. ಪ್ರಬಂಧ ಬಾಯಿಪಾಠ, ಪದ್ಯ ಬಾಯಿಪಾಠ. ನಮ್ಮ ಪಕ್ಕದಲ್ಲೇ, ಜ್ಞಾನಭಾರತಿ ಆವರಣದಲ್ಲಿ, 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ದಕ್ಷಿಣದ ರಾಜ್ಯಗಳ ಶಾಲಾ ಮೇಷ್ಟ್ರುಗಳು ಅಲ್ಲಿಗೆ ತರಬೇತಿಗೆ ಬರುತ್ತಾರೆ. ಅಲ್ಲಿ ಕಲಿತ ಮೇಷ್ಟ್ರು ಊರಿಗೆ ಹೋಗಿ ಅರವತ್ತು ಮಕ್ಕಳ ತರಗತಿಯಲ್ಲಿ ನಿಂತಾಗ, ಪರೀಕ್ಷೆಯಲ್ಲಿ ಕೇಳದ್ದನ್ನು ಎಷ್ಟು ಹೊತ್ತು ಕಲಿಸಲು ಸಾಧ್ಯ? ಹಾಗಾಗಿ ಇಂಗ್ಲಿಷ್ ಪದಗಳು ಪುಟದ ಮೇಲೆ ಬಿಡಿಬಿಡಿಯಾಗಿ, ನಡುವೆ ಜಾಗ ಬಿಟ್ಟುಕೊಂಡು ನಿಂತಿರುವಂತೆಯೇ ಮಕ್ಕಳ ಮನಸ್ಸಿನಲ್ಲೂ ಕೂತವು. ಆಡುವ ಮಾತಿನಲ್ಲಿ ಆ ಜಾಗ ಇರುವುದೇ ಇಲ್ಲ.

ಪರೀಕ್ಷೆಯ ಸ್ವರೂಪವನ್ನು ಬೇಗ ಹೇಳಿಬಿಡುತ್ತೇನೆ. ನಾಲ್ಕು ಭಾಗ, 40 ಪ್ರಶ್ನೆ, ಸುಮಾರು 30 ನಿಮಿಷ. ಆಡಿಯೊ ಒಂದೇ ಸಲ ಕೇಳಿಸುತ್ತದೆ. ಒಂದನೆಯದು ಇಬ್ಬರ ದಿನಬಳಕೆಯ ಮಾತು: ಬಾಡಿಗೆ ಮನೆ, ಬುಕಿಂಗ್, ದೂರು ಇಂಥದ್ದು. ಎರಡನೆಯದು ಒಬ್ಬರೇ ಕೊಡುವ ಮಾಹಿತಿ. ಮೂರನೆಯದು ವಿದ್ಯಾರ್ಥಿಗಳು, ಅಧ್ಯಾಪಕರ ಚರ್ಚೆ. ನಾಲ್ಕನೆಯದು ಕಾಲೇಜಿನ ಉಪನ್ಯಾಸ. 40ರಲ್ಲಿ ಹೆಚ್ಚುಕಡಿಮೆ 23 ಸರಿಯಾದರೆ ಬ್ಯಾಂಡ್ 6, 30 ಸರಿಯಾದರೆ 7, 35 ಆದರೆ 8. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಲಿಸನಿಂಗಿನಲ್ಲಿ 7 ಕೇಳುತ್ತದೆ. ಆರಕ್ಕೂ ಏಳಕ್ಕೂ ನಡುವಿನ ಆ ಏಳೇ ಉತ್ತರಗಳಿಗಾಗಿ ಮತ್ತೆ ಮತ್ತೆ ಹದಿನೈದು ಸಾವಿರಕ್ಕೂ ಮೀರಿದ ಶುಲ್ಕ ಕಟ್ಟುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ದುಡ್ಡು ಎಷ್ಟೋ ಮನೆಗಳಲ್ಲಿ ಅಮ್ಮನ ಚೀಟಿ ದುಡ್ಡು.

ಮಾಮೂಲಿ ಕೋಚಿಂಗಿನಲ್ಲಿ ಇದಕ್ಕೆ ಹೇಳುವ ಮದ್ದು ದಿನಕ್ಕೊಂದು ಮಾಕ್ ಟೆಸ್ಟ್. ನನ್ನ ಅನುಭವದಲ್ಲಿ ಅದರಿಂದ ಪರೀಕ್ಷೆಯ ಪರಿಚಯವಾಗುತ್ತದೆ, ಅಂಕ ಮಾತ್ರ ಒಂದು ಕಡೆ ನಿಂತು ಅಲ್ಲಾಡುವುದಿಲ್ಲ. ಜಾನ್ ಫೀಲ್ಡ್ ಎಂಬ ಬ್ರಿಟಿಷ್ ವಿದ್ವಾಂಸರು 2008ರಲ್ಲಿ ಆಲಿಸುವಿಕೆಯ ಬೋಧನೆ ಕುರಿತು ಒಂದು ಪುಸ್ತಕ ಬರೆದರು. ತರಗತಿಗಳಲ್ಲಿ ಆಲಿಸುವಿಕೆಯನ್ನು ಬರೀ ಪರೀಕ್ಷಿಸುತ್ತೇವೆ, ಕಲಿಸುವುದಿಲ್ಲ ಎಂಬುದು ಅವರ ಮುಖ್ಯ ತಕರಾರು. ಅದು ನಮ್ಮ ವಿಜಯನಗರದ ಕೋಚಿಂಗಿಗೂ ಸರಿಯಾಗಿ ಅನ್ವಯಿಸುತ್ತದೆ. ‘ಏಳನೇ ಪ್ರಶ್ನೆಗೆ ಉತ್ತರ ಬಿ’ ಅಂತ ಹೇಳಿ ಮುಂದೆ ಹೋದರೆ, ಬಿ ಯಾಕೆ ಕೇಳಿಸಲಿಲ್ಲ ಅನ್ನುವುದು ಹಾಗೇ ಉಳಿಯುತ್ತದೆ.

ಯಾಕೆ ಕೇಳಿಸಲಿಲ್ಲ? ಒಂದು ಸಣ್ಣ ವಾಕ್ಯ ತೆಗೆದುಕೊಳ್ಳಿ: ‘ಐ ಶುಡ್ ಹ್ಯಾವ್ ಆಸ್ಕ್ಡ್ ಹಿಮ್ ಅಬೌಟ್ ಇಟ್.’ ಇದನ್ನು ಒಬ್ಬ ಇಂಗ್ಲಿಷಿನವನು ಸಹಜವಾಗಿ ಆಡಿದ ಧ್ವನಿಯನ್ನು ನನ್ನಲ್ಲಿಗೆ ಬರುವ ಒಬ್ಬ ನರ್ಸ್‌ಗೆ ಕೇಳಿಸಿದೆ. ಅವಳು ಬರೆದದ್ದು: ‘ಐ ಶುಡ್ ಆಸ್ಕ್ ಟೀಮ್ ಅಬೌಟ್ ಇಟ್.’ ವ್ಯಾಕರಣ ಅಷ್ಟಿಷ್ಟು ಕುಂಟಿದರೂ ಅವಳಿಗೆ ಅರ್ಥ ಕೂಡಿಬಂದಿತ್ತು. ಆಸ್ಪತ್ರೆಯಲ್ಲಿ ಟೀಮನ್ನು ಕೇಳುವುದು ದಿನದ ಮಾತು. ಆದರೆ ಮಾತು ಪೂರ್ತಿ ಬೇರೆಯಾಯಿತು. ಆಗಲೇ ಅವನನ್ನು ಕೇಳಬೇಕಿತ್ತು ಅನ್ನುವುದು, ಇನ್ನು ಮೇಲೆ ಟೀಮನ್ನು ಕೇಳಬೇಕು ಅಂತಾಯಿತು. ವಾರ್ಡಿನಲ್ಲಿ ಹೀಗಾದರೆ ಅದು ಅಂಕದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಧ್ವನಿಯನ್ನು ನಿಧಾನ ಮಾಡಿ ಮತ್ತೆ ಕೇಳಿದೆವು. ‘ಹ್ಯಾವ್’ನ ಹಕಾರ ಬಿದ್ದುಹೋಗಿ, ಉಳಿದ ‘ಅವ್’ ಹಿಂದಿನ ಡಕಾರಕ್ಕೆ ಅಂಟಿ ‘ಶುಡವ್’ ಆಗಿದೆ. ‘ಹಿಮ್’ನ ಹಕಾರವೂ ಇಲ್ಲ, ‘ಆಸ್ಕ್ಡ್’ನ ಕೊನೆಯ ಟಕಾರಕ್ಕೆ ‘ಇಮ್’ ಸೇರಿ ‘ಟಿಮ್’ ಆಗಿದೆ. ‘ಇದೇನು ಹೇಳಮ್ಮ, ಹೈಸ್ಕೂಲ್ ಕನ್ನಡದಲ್ಲಿ ಓದಿದ್ದೀಯ’ ಅಂದೆ. ಅವಳು ಒಂದು ಗಳಿಗೆ ನೋಡಿ, ‘ಲೋಪ ಸಂಧಿ ಥರ ಇದೆಯಲ್ಲ ಮೇಡಂ’ ಅಂದಳು. ಅವಳ ಊರು ಮಾಗಡಿ ಕಡೆ. ಅಲ್ಲಿ ಹಿರಿಯರು ‘ಹಾಲು’ ಅನ್ನುವಲ್ಲಿ ‘ಆಲು’ ಅನ್ನುವುದನ್ನು ಕೇಳಿ ಬೆಳೆದವಳು. ಹಕಾರ ಬೀಳುವುದು ಅವಳಿಗೆ ಹೊಸದೇನೂ ಆಗಿರಲಿಲ್ಲ.

ನಾನು ಹೇಳಬೇಕಾದ ಮುಖ್ಯ ಮಾತು ಇದು. ಕನ್ನಡ ಓದಿದವರಿಗೆ ಇಂಗ್ಲಿಷ್ ಕೇಳುವುದರಲ್ಲಿ ಒಂದು ದೊಡ್ಡ ಆಸ್ತಿ ಇದೆ, ಅದನ್ನು ಯಾರೂ ಬಳಸುತ್ತಿಲ್ಲ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣವನ್ನು ಸಂಧಿ ಪ್ರಕರಣದಿಂದಲೇ ಆರಂಭಿಸಿದ. ಇವತ್ತಿಗೂ ನಮ್ಮ ಮಕ್ಕಳು ಲೋಪ, ಆಗಮ, ಆದೇಶ ಅಂತ ಬಾಯಿಪಾಠ ಮಾಡುತ್ತಾರೆ. ಮಾತು ಮತ್ತು ಇಲ್ಲ ಸೇರಿದರೆ ಮಾತಿಲ್ಲ. ಮನೆ ಮತ್ತು ಅನ್ನು ಸೇರಿದರೆ ಮನೆಯನ್ನು, ಗುರು ಮತ್ತು ಅನ್ನು ಸೇರಿದರೆ ಗುರುವನ್ನು. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ. ಕನ್ನಡದಲ್ಲಿ ಇದನ್ನು ಆಡಿದಂತೆ ಬರೆಯುತ್ತೇವೆ. ಇಂಗ್ಲಿಷಿನವರು ಬಾಯಲ್ಲಿ ಸಂಧಿ ಮಾಡುತ್ತಾರೆ, ಕಾಗದದ ಮೇಲೆ ಬಿಡಿಸಿ ಇಡುತ್ತಾರೆ. ‘ನೆಕ್ಸ್ಟ್ ಡೇ’ ಅನ್ನುವುದು ಬಾಯಲ್ಲಿ ‘ನೆಕ್ಸ್ ಡೇ’, ಟಕಾರ ಲೋಪ. ‘ಗೋ ಔಟ್’ ನಡುವೆ ತೆಳ್ಳಗೆ ವಕಾರ ಬರುತ್ತದೆ, ‘ಸೀ ಇಟ್’ ನಡುವೆ ಯಕಾರ. ನಮ್ಮ ವಕಾರಾಗಮ, ಯಕಾರಾಗಮಗಳೇ. ‘ಟೆನ್ ಬಾಯ್ಸ್’ ಎಂಬಲ್ಲಿ ನಕಾರ ಹೋಗಿ ಮಕಾರ ಬಂದು ‘ಟೆಂಬಾಯ್ಸ್’ ಆಗುತ್ತದೆ. ‘ಡಿಡ್ ಯು’ ಅನ್ನುವುದು ‘ಡಿಜು’ ಆಗುವುದು ಆದೇಶ. ಹೀಗೆ ಹೆಸರಿಟ್ಟು ತೋರಿಸಿದರೆ, ಇಂಗ್ಲಿಷಿನವರು ‘ನುಂಗಿಬಿಡುತ್ತಾರೆ’ ಅನ್ನುವ ದೂರು ನಿಲ್ಲುತ್ತದೆ. ಅವರು ಮನಬಂದಂತೆ ನುಂಗುವುದಿಲ್ಲ. ಎಲ್ಲಿ ಏನು ಬೀಳುತ್ತದೆ, ಏನು ಬರುತ್ತದೆ ಅನ್ನುವುದಕ್ಕೆ ಕ್ರಮ ಇದೆ.

ಸಂಧಿಯ ಜೊತೆಗೆ ಒತ್ತಿನ ವಿಷಯವೂ ಇದೆ. ಕನ್ನಡದಲ್ಲಿ ಹ್ರಸ್ವವೋ ದೀರ್ಘವೋ, ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರಕ್ಕೆ ಪೂರ್ಣ ಸ್ವರ, ಉಳಿದವು ಕುಗ್ಗಿ ಮಸುಕಾದ ಅಕಾರವಾಗುತ್ತವೆ. ಆನ್ ಕಟ್ಲರ್ ಎಂಬ ಭಾಷಾ ಮನೋವಿಜ್ಞಾನಿ 1987ರಲ್ಲಿ ಡೇವಿಡ್ ಕಾರ್ಟರ್ ಜೊತೆ ಸೇರಿ ಲೆಕ್ಕ ಹಾಕಿದಾಗ, ಇಂಗ್ಲಿಷ್ ಮಾತುಕತೆಯ ಮುಖ್ಯ ಪದಗಳಲ್ಲಿ ಸುಮಾರು ಶೇ 90ರಷ್ಟು ಇಂಥ ಬಲವಾದ ಅಕ್ಷರದಿಂದಲೇ ಶುರುವಾಗುತ್ತವೆ ಎಂದು ಕಂಡಿತು. ಬಲವಾದ ಅಕ್ಷರ ಕೇಳಿಸಿದರೆ ಅಲ್ಲೊಂದು ಹೊಸ ಪದ ಹುಟ್ಟಿತು ಎಂದು ಇಂಗ್ಲಿಷಿನವರ ಕಿವಿ ಹಿಡಿದುಕೊಳ್ಳುತ್ತದೆ. ನಮ್ಮ ಕಿವಿಗೂ ಇದನ್ನು ಅಭ್ಯಾಸ ಮಾಡಿಸಬಹುದು. ‘ಐ ಕ್ಯಾನ್ ಗೋ’ ಎಂಬುದರಲ್ಲಿ ಕ್ಯಾನ್ ಕುಗ್ಗಿ ‘ಕನ್’ ಆಗುತ್ತದೆ. ಬ್ರಿಟಿಷರ ‘ಕಾಂಟ್’ ಉದ್ದವಾಗಿ, ಒತ್ತಿನಿಂದ ಬರುತ್ತದೆ. ಕೊನೆಯ ಟಕಾರಕ್ಕೆ ಕಾಯುತ್ತ ಕೂತವರಿಗೆ ಹೌದು ಇಲ್ಲ ಎರಡೂ ಒಂದೇ ಆಗಿ ಕೇಳಿಸುತ್ತವೆ.

ಅಭ್ಯಾಸದ ಕ್ರಮ ಸರಳ, ಆದರೆ ತಾಳ್ಮೆ ಬೇಕು. ಕೇಂಬ್ರಿಡ್ಜ್‌ನವರ ಐಇಎಲ್‌ಟಿಎಸ್ ಅಭ್ಯಾಸ ಪುಸ್ತಕಗಳ ಕೊನೆಯಲ್ಲಿ ಆಡಿಯೊದ ಪೂರ್ತಿ ಪಠ್ಯ ಇರುತ್ತದೆ. ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಕಾರ್ಯಕ್ರಮಕ್ಕೂ ಪಠ್ಯ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ದಿನಕ್ಕೆ ಒಂದೇ ಒಂದು ನಿಮಿಷದ ತುಣುಕು ಸಾಕು. ಮೊದಲು ಇಡಿಯಾಗಿ ಕೇಳಿ. ಆಮೇಲೆ ವಾಕ್ಯ ವಾಕ್ಯವಾಗಿ ನಿಲ್ಲಿಸಿ ಉಕ್ತಲೇಖನ ಬರೆಯಿರಿ. ಇನ್ನೇನೂ ಹೊಸದಾಗಿ ಕೇಳಿಸುವುದಿಲ್ಲ ಅನ್ನುವವರೆಗೆ ತಿರುಗಿಸಿ ಹಾಕಿ. ಆಮೇಲಷ್ಟೇ ಪಠ್ಯ ತೆರೆಯಿರಿ. ತಪ್ಪಿದ ಪದಕ್ಕೆ ಗೆರೆ ಎಳೆದು ಬಿಡಬೇಡಿ. ಅದು ಯಾವ ಪದದ ಜೊತೆ ಕೂಡಿದ ಕಡೆ ತಪ್ಪಿತು ನೋಡಿ, ಪಕ್ಕದಲ್ಲಿ ‘ಲೋ’, ‘ಆಗ’, ‘ಆದೇ’ ಅಂತ ಗುರುತು ಹಾಕಿ. ಕಡೆಗೆ ಆಡಿಯೊ ಜೊತೆ ನೀವೂ ಅದೇ ಓಟದಲ್ಲಿ ಗಟ್ಟಿಯಾಗಿ ಹೇಳಿ. ನಿಮ್ಮ ನಾಲಿಗೆ ಒಂದು ಸಲ ‘ಶುಡವ್’ ಅಂದಮೇಲೆ ಕಿವಿಗೆ ಅದು ಸಿಗದೆ ಹೋಗುವುದು ಕಷ್ಟ. ಮಾಕ್ ಟೆಸ್ಟ್ ವಾರಕ್ಕೊಂದು ಇರಲಿ, ಭಾನುವಾರ ಬೆಳಗ್ಗೆ.

ಪರೀಕ್ಷೆಯವರು ಒಡ್ಡುವ ಗೊಂದಲಗಳ ಬಗ್ಗೆ ನಮ್ಮವರು ಬೇಕಾದ್ದಕ್ಕಿಂತ ಹೆಚ್ಚು ಹೆದರುತ್ತಾರೆ. ಒಂದನೇ ಭಾಗದಲ್ಲಿ ಗಿರಾಕಿ ಗುರುವಾರ ಅನ್ನುತ್ತಾನೆ, ಗುರುವಾರ ಜಾಗವಿಲ್ಲ ಅಂತ ಗೊತ್ತಾಗಿ ಶುಕ್ರವಾರಕ್ಕೆ ಒಪ್ಪುತ್ತಾನೆ. ಮೊದಲು ಕೇಳಿದ್ದನ್ನು ಬರೆದವರು ಕೆಟ್ಟರು. ಊರಿಂದ ಅತ್ತೆ ಫೋನ್ ಮಾಡಿ ‘ಭಾನುವಾರ ಬರ್ತೀನಿ ಕಣೆ, ಅಯ್ಯೋ ಭಾನುವಾರ ಗೃಹಪ್ರವೇಶ ಇದೆ, ಸೋಮವಾರ ಬರ್ತೀನಿ’ ಅಂದರೆ ನಾವು ಭಾನುವಾರ ಅಡುಗೆ ಮಾಡಿ ಕಾಯುತ್ತೇವೆಯೇ? ಮಾತು ಮುಗಿಯುವವರೆಗೆ ಪೆನ್ನು ತಡೆದುಕೊಂಡರೆ ಸಾಕು.

ಎರಡನೇ ಭಾಗದ ನಕ್ಷೆಯ ಪ್ರಶ್ನೆಗೆ ನಮ್ಮ ಗುಂಪು ಒಂದು ಉಪಾಯ ಮಾಡಿಕೊಂಡಿದೆ. ಒಬ್ಬೊಬ್ಬರೂ ತಮ್ಮ ಮೆಟ್ರೊ ನಿಲ್ದಾಣದಿಂದ ಮನೆಗೆ ಬರುವ ದಾರಿಯನ್ನು ಇಂಗ್ಲಿಷಿನಲ್ಲಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಗುಂಪಿಗೆ ಹಾಕುತ್ತಾರೆ. ಉಳಿದವರು ಅದನ್ನು ಕೇಳಿ ನಕ್ಷೆ ಬರೆಯಬೇಕು. ಅತ್ತಿಗುಪ್ಪೆಯ ಹುಡುಗನೊಬ್ಬನ ಮನೆ ಎಲ್ಲರ ಕಾಗದದಲ್ಲೂ ರಸ್ತೆಯ ತಪ್ಪು ಬದಿಗೆ ಬಂತು. ‘ಆಪೊಸಿಟ್’ ಎಂಬ ಒಂದೇ ಪದದ ಬಗ್ಗೆ ಅವತ್ತು ನಡೆದ ವಾದ ಯಾವ ಪುಸ್ತಕವೂ ಕಲಿಸದಷ್ಟನ್ನು ಕಲಿಸಿತು.

ದೇಶದೇಶದ ಉಚ್ಚಾರಕ್ಕೆ ಕ್ರಿಕೆಟ್ಟನ್ನು ನಂಬಿ. ಭಾರತ ತಂಡ ಆಸ್ಟ್ರೇಲಿಯಾಕ್ಕೆ ಹೋದಾಗ ಬೆಳಗಿನ ಜಾವವೇ ಎದ್ದು ನೋಡುವವರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಅಲ್ಲಿನ ವೀಕ್ಷಕ ವಿವರಣೆಯನ್ನು ಪರದೆ ನೋಡದೆ ಒಂದು ಓವರ್ ಕೇಳಿ, ಏನಾಯಿತೆಂದು ಬರೆಯಿರಿ. ‘ಟುಡೇ’ ಅನ್ನುವುದು ‘ಟುಡೈ’ ಹತ್ತಿರಕ್ಕೆ ಹೋಗುವುದು ಕಿವಿಗೆ ಬೀಳುತ್ತದೆ. ಒಂದನೇ ಭಾಗದಲ್ಲಿ ಆಸ್ಟ್ರೇಲಿಯಾದವರು ಹೆಸರಿನ ಸ್ಪೆಲಿಂಗ್ ಹೇಳುವಾಗ ಎ ಅಕ್ಷರವನ್ನು ಐ ಎಂದು ಬರೆಯುವವರು ಬಹಳ. ಈ ಅಭ್ಯಾಸದಿಂದ ಅದು ತಪ್ಪುತ್ತದೆ. ಫಿಫ್ಟೀನೋ ಫಿಫ್ಟಿಯೋ ಎಂಬ ಅನುಮಾನ ಬಂದಾಗ ಕೊನೆಯ ಮೂಗಿನ ಧ್ವನಿಗೆ ಕಿವಿಗೊಡಿ. ಮುಂದೆ ‘ಪೌಂಡ್ಸ್’ ಬಂದರೆ ಅದು ಮಕಾರವಾಗಿರುತ್ತದೆ, ಆದೇಶ ಸಂಧಿಯನ್ನು ಮರೆಯಬೇಡಿ.

ನರ್ಸ್‌ಗಳಿಗೆ ಒಇಟಿ ಎಂಬ ಇನ್ನೊಂದು ದಾರಿಯೂ ಇದೆ. ಅದರ ಲಿಸನಿಂಗಿನಲ್ಲಿ 42 ಪ್ರಶ್ನೆ. ಮೊದಲ 24 ರೋಗಿಯೊಬ್ಬರು ವೈದ್ಯ ಸಿಬ್ಬಂದಿಯೊಂದಿಗೆ ಆಡುವ ಮಾತು ಕೇಳಿ ಟಿಪ್ಪಣಿ ತುಂಬುವುದು. ವಿಷಯ ಪರಿಚಿತ, ಹಾಗಾಗಿ ಅದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ರೋಗಿಗಳು ಮಾತ್ರ ಪಠ್ಯಪುಸ್ತಕದ ಭಾಷೆಯಲ್ಲಿ ನರಳುವುದಿಲ್ಲ. ಸಂಧಿ ಅಲ್ಲಿ ಇನ್ನೂ ಹೆಚ್ಚು.

ಉತ್ತರ ಬರೆಯುವಾಗ ಸೂಚನೆಯನ್ನು ಅಕ್ಷರಶಃ ಪಾಲಿಸಿ. ಒಂದೇ ಪದ ಅಂದರೆ ಒಂದೇ ಪದ. ‘ದಿ’ ಸೇರಿಸಿದರೂ ಅಂಕ ಹೋಯಿತು. ಬಹುವಚನದ ಎಸ್ ಬಿಟ್ಟರೆ ತಪ್ಪು, ಸ್ಪೆಲಿಂಗ್ ತಪ್ಪಿದರೂ ತಪ್ಪು. ಬ್ರಿಟಿಷ್ ಆಗಲಿ ಅಮೆರಿಕನ್ ಆಗಲಿ, ಎರಡೂ ಬಗೆಯ ಸ್ಪೆಲಿಂಗ್ ನಡೆಯುತ್ತದೆ. ಕಾಗದದ ಪರೀಕ್ಷೆ ಇರುವ ಕಡೆ ಉತ್ತರ ಇಳಿಸಿಕೊಳ್ಳಲು ಕೊನೆಗೆ 10 ನಿಮಿಷ ಸಿಗುತ್ತದೆ, ಕಂಪ್ಯೂಟರಿನಲ್ಲಿ ನೋಡಿಕೊಳ್ಳಲು 2 ನಿಮಿಷ ಮಾತ್ರ. ಅದಕ್ಕೆ ಕಂಪ್ಯೂಟರಿನಲ್ಲಿ ಬರೆಯುವವರು ಕೇಳುತ್ತಲೇ ಟೈಪ್ ಮಾಡುವುದನ್ನು ರೂಢಿಸಿಕೊಂಡಿರಬೇಕು. ನಾಲ್ಕನೇ ಭಾಗದಲ್ಲಿ ನಡುವೆ ಬಿಡುವಿಲ್ಲ. ಅಲ್ಲಿ ಒಂದು ಉತ್ತರ ತಪ್ಪಿಹೋಯಿತು ಅಂತ ಗೊತ್ತಾದ ಕ್ಷಣ ಅದನ್ನು ಬಿಟ್ಟು ಮುಂದಿನ ಪ್ರಶ್ನೆಯ ಮುಖ್ಯ ಪದದ ಮೇಲೆ ಕಣ್ಣಿಡಿ. ಕೊನೆಯಲ್ಲಿ ಖಾಲಿ ಉಳಿದ ಜಾಗಕ್ಕೆ ಹಿಂದುಮುಂದಿನ ಮಾತಿಗೆ ಹೊಂದುವ ಒಂದು ಪದವನ್ನಾದರೂ ಬರೆಯಿರಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.