ಬೆಳೆಯುವ ಊರು, ಏಳುವ ಒಕ್ಕಲು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿಹೋಗಿರುವರು. ಆದರೆ ಹುಬ್ಬಳ್ಳಿ-ಧಾರವಾಡಗಳ ಎಷ್ಟೋ ಕುಟುಂಬಗಳಿಗೆ ಮನೆ ಕಟ್ಟುವ ಮಾತು ಹಾಗಿರಲಿ, ಬಾಡಿಗೆಗಿದ್ದ ಓಣಿಯಲ್ಲಿ ಉಳಿಯುವದೇ ದುಸ್ತರವಾಗಿರುವದು. ಇದರ ಕಾರಣಗಳಾವುವು, ಗೃಹಸ್ಥರು ಮಾಡತಕ್ಕದ್ದೇನು ಎಂಬುದನ್ನು ವಾಚಕರ ಮುಂದಿಡಬಯಸುವೆವು.

1880ರ ದಶಕದಲ್ಲಿ ರೇಲ್ವೆಯ ಕಾರ್ಖಾನೆ ಹುಬ್ಬಳ್ಳಿಗೆ ಬಂದಿತು. ಹತ್ತಿಯ ವ್ಯಾಪಾರವೂ ಬೆಳೆಯಿತು. ನಾನಾ ಸೀಮೆಗಳಿಂದ ಬಂದ ಕೂಲಿಕಾರರು ಕೆಲಸದ ಸಮೀಪದಲ್ಲಿಯೇ ಬಿಡಾರ ಹೂಡಿದರು. ಧಾರವಾಡವಾದರೋ ಶಾಲೆ-ಕಚೇರಿಗಳ ಊರಾಯಿತು. 1962ರಲ್ಲಿ ಎರಡೂ ಊರುಗಳಿಗೆ ಒಂದೇ ಪಾಲಿಕೆಯಾಯಿತು. 2003ರಲ್ಲಿ ನೈಋತ್ಯ ರೇಲ್ವೆಯ ಕೇಂದ್ರ ಕಚೇರಿ, 2008ರಲ್ಲಿ ಉಚ್ಚ ನ್ಯಾಯಾಲಯದ ಪೀಠ, 2016ರಲ್ಲಿ ಐಐಟಿ, 2018ರಲ್ಲಿ ಸುಮಾರು 22 ಕಿಲೋಮೀಟರಿನ ಪ್ರತ್ಯೇಕ ಮಾರ್ಗದಲ್ಲಿ ‘ಚಿಗರಿ’ ಬಸ್ಸು ಬಂದವು. ಇವೆಲ್ಲ ಅಭಿಮಾನಪಡತಕ್ಕ ಸಂಗತಿಗಳೇ ಸರಿ.

ಆದರೆ ಸಾರ್ವಜನಿಕ ಹಣದಿಂದ ರಸ್ತೆ ಅಗಲವಾದೊಡನೆ ಬದಿಯ ನೆಲದ ಬೆಲೆ ಏರುವದು. ಆ ಏರಿಕೆಯ ಲಾಭವು ಮಾಲಕನ ಪಾಲಿಗೆ, ಭಾರವು ಬಾಡಿಗೆದಾರನ ತಲೆಗೆ. ತಿಂಗಳಿಗೆ 4,000 ರೂಪಾಯಿ ಬರುತ್ತಿದ್ದ ಮನೆಗೆ ಸಂಬಳದಾರನೊಬ್ಬನು 8,000 ಕೊಡಲು ಸಿದ್ಧನಾದನೆಂದು ಇಟ್ಟುಕೊಳ್ಳಿರಿ. ಹಮಾಲನಾಗಲಿ ಸಿಂಪಿಗನಾಗಲಿ ಅಲ್ಲಿ ಹೇಗೆ ನಿಂತಾನು? ಕರಾರುಪತ್ರವೂ ಬಹುಶಃ ಹನ್ನೊಂದು ತಿಂಗಳಿನದು. ವರುಷ ಮೀರಿದ ಕರಾರಿಗೆ ನೋಂದಣಿ ಬೇಕಾಗುವದರಿಂದ ಈ ರೂಢಿ ಬಂದಿರುವದು. ಅವನನ್ನು ಯಾರೂ ಹೊರದೂಡುವದಿಲ್ಲ. ಅವಧಿ ಮುಗಿದಾಗ ಅವನೇ ಗಂಟು ಕಟ್ಟುವನು. 1964ರಲ್ಲಿ ರೂತ್ ಗ್ಲಾಸ್ ಎಂಬ ವಿದುಷಿಯು ಲಂಡನ್ನಿನ ಕೂಲಿಕಾರರ ಕೇರಿಗಳು ಉಳ್ಳವರ ಕೈಸೇರುವದನ್ನು ಕಂಡು, ಅದಕ್ಕೆ ‘ಜೆಂಟ್ರಿಫಿಕೇಶನ್’ ಎಂಬ ಹೆಸರಿಟ್ಟಳು.

ಬಾಡಿಗೆದಾರರದಷ್ಟೇ ಈ ಕಷ್ಟವಲ್ಲ. ನವಲೂರಿನ ಪೇರಲ ತೋಟಗಳು ಎರಡೂ ಊರುಗಳ ನಡುವೆಯೇ ಇವೆ. ತೋಟದ ನೆಲಕ್ಕೆ ನಿವೇಶನದ ಬೆಲೆ ಬಂದಾಗ ಮಾರದೆ ಇರುವದು ಒಕ್ಕಲಿಗನಿಗೆ ಸುಲಭವಲ್ಲ. ಹಣ ಒಮ್ಮೆ ಬಂದು ಕರಗುವದು. ವರುಷ ವರುಷದ ಫಲ ಮಾತ್ರ ತಪ್ಪಿತು. ಧಾರವಾಡದ ಗವಳಿಗರ ಪಾಡೂ ಚಿಂತೆಗೆ ಎಡೆಗೊಡುವದು. ಪೇಢೆಗೆ ಹಾಲೆರೆದ ಎಮ್ಮೆಗೆ 2021ರಲ್ಲಿ ‘ಧಾರವಾಡಿ’ ತಳಿಯೆಂದು ಮಾನ್ಯತೆ ದೊರೆಯಿತು. ಆದರೆ ಕೊಟ್ಟಿಗೆಗೆ ಅಂಗಳ ಬೇಕು, ಮೇಯಲು ಬಯಲು ಬೇಕು. ಎಮ್ಮೆಯನ್ನು ಮೂರನೆಯ ಅಂತಸ್ತಿಗೆ ಏರಿಸಬರುವದಿಲ್ಲವಷ್ಟೆ!

ಕಾಯಿದೆ ಇಲ್ಲವೆ? ಇದೆ. 1894ರ ಭೂಸ್ವಾಧೀನ ಕಾಯಿದೆಯು ಮುಖ್ಯವಾಗಿ ಒಡೆಯನನ್ನು ನೋಡುತ್ತಿತ್ತು. ಅದರ ಬದಲಿಗೆ ಬಂದ 2013ರ ಕಾಯಿದೆಯು, ಸ್ವಾಧೀನಕ್ಕೆ ಮೊದಲು ಮೂರು ವರುಷ ನಗರದ ಆ ನೆಲದಲ್ಲಿ ವಾಸಿಸಿದ ಕುಟುಂಬವನ್ನೂ ಬಾಧಿತವೆಂದು ಎಣಿಸುತ್ತದೆ. ಇದು ನ್ಯಾಯವೇ. ಆದರೆ ಆ ಕಾಯಿದೆಯ ದೃಷ್ಟಿ ಮುಖ್ಯವಾಗಿ ಸರಕಾರವು ವಶಪಡಿಸಿಕೊಂಡ ನೆಲದ ಮೇಲೆ. ಅದೇ ರಸ್ತೆಯ ಹಿಂದಿನ ಓಣಿಯಲ್ಲಿ ಬಾಡಿಗೆಯ ಏರಿಕೆಯಿಂದ ಎದ್ದುಹೋದವನ ಹೆಸರು ಅದರ ಯಾದಿಯಲ್ಲಿ ಸೇರುವದಿಲ್ಲ.

ಇದು ಪರರ ಕಷ್ಟವೆಂದು ಗೃಹಿಣಿಯರು ಭಾವಿಸಬಾರದು. ಮುಸುರೆ ತಿಕ್ಕುವಾಕೆ, ಹಾಲಿನವ, ಇಸ್ತ್ರಿಯವ, ಇವರು ಊರಾಚೆಗೆ ಸರಿದಂತೆಲ್ಲ ಅವರ ದುಡಿಮೆಯ ಒಂದು ಪಾಲು ಬಸ್ಸಿಗೆ ಹೋಗುವದು. ತಾಯಿ ನಸುಕಿನಲ್ಲಿ ಹೊರಟರೆ ಅವಳ ಮಕ್ಕಳನ್ನು ಶಾಲೆಗೆ ಕಳಿಸುವವರು ಯಾರು? ನಮ್ಮ ಮನೆಯ ಸೌಕರ್ಯಕ್ಕೆ ಅವಳ ಮನೆ ದೂರವಾಗುವದು ಬೆಲೆಯಾಗಬಾರದು.

ಮನೆಯುಳ್ಳವರು ಬಾಡಿಗೆಯನ್ನು ಒಮ್ಮೆಲೆ ಇಮ್ಮಡಿಸದೆ ವರುಷಕ್ಕಿಷ್ಟೆಂದು ಮೊದಲೇ ಬರೆದು ಕೊಡಲಿ. ಬಿಡಿಸುವದಾದರೆ ಮಕ್ಕಳ ಪರೀಕ್ಷೆ ಮುಗಿಯುವವರೆಗಾದರೂ ತಡೆಯಲಿ. ಬಾಡಿಗೆದಾರರು ಕರಾರುಪತ್ರವನ್ನೂ ಪಾವತಿಗಳನ್ನೂ ಜೋಪಾನವಾಗಿಡಲಿ. ಮೂರು ವರುಷದ ವಾಸಕ್ಕೆ ಅವೇ ಸಾಕ್ಷಿ. ಪಾಲಿಕೆಯವರು ಹೊಸ ರಸ್ತೆಯ ನಕ್ಷೆ ಬರೆಯುವಾಗ ಬದಿಯ ಓಣಿಗಳ ಬಾಡಿಗೆಯ ಮನೆಗಳನ್ನೂ ಎಣಿಸಿ, ದುಡಿಯುವವರ ವಸತಿಗೆ ಊರೊಳಗೇ ನೆಲ ಕಾದಿಡಲಿ. ರಸ್ತೆ ಬೇಡವೆಂದು ನಾವು ಹೇಳುವದಿಲ್ಲ. ಅದು ಯಾರ ಓಣಿಯ ಬದಿಗೆ ಹಾಯ್ದುಹೋಗುವದೋ ಅವರೂ ಅದರ ಸುಖವನ್ನು ಅಲ್ಲಿಯೇ ಇದ್ದು ಉಣ್ಣಲೆಂಬುದೇ ನಮ್ಮ ವಿನಂತಿ.